ಮಚ್ಚೆಗೆ ಹಿತವಾದ ಬೈಗುಳ

ಲಾಯ ಅಕ್ಕನದು, ಸುತ್ತಿಗೆ ಭಾವನದು, ಹುಲ್ಲು ಲದ್ದಿ ತಂಗಿಯ ಪಾಲು. ಮಚ್ಚೆ ಎಂಬ ಹೆಣ್ಣುಕುದುರೆ ಮುಂಗಾಲಿನ ಲಾಳ ಕಳಚಿಕೊಂಡಿತ್ತು. ಹೊಸದು ಹೊಡೆಯಲು ಹೋದ ಭಾವ ಒದೆ ತಿಂದು ತೊಡೆ ನೀಲಿಗಟ್ಟಿಸಿಕೊಂಡು ಬಂದಿದ್ದ.

“ಸಂಜೆ ವ್ಯಾಪಾರಿ ಲಾರಿ ತರ್ತಾನೆ. ಅಷ್ಟರೊಳಗೆ ಲಾಳ ಕೂರದಿದ್ರೆ ಹತ್ತಿಸಿ ಕಳಿಸ್ತೀನಿ,” ಎಂದಳು ಅಕ್ಕ.

“ಅವನು ಕೊಳ್ಳೋದು ಮಾಂಸಕ್ಕೆ ಅಂತ ಗೊತ್ತಿದ್ದೂ?”

“ನಿನ್ನ ಭಾವನ ತೊಡೆನೂ ಮಾಂಸದ್ದೇ ಕಣೆ.”

ತಂಗಿಗೆ ಮೈಯೆಲ್ಲ ಉರಿದುಹೋಯಿತು. ಪ್ರಾಣಿಯ ಹೆದರಿಕೆಗೆ ಕೊಬ್ಬು ಎಂದು ಹೆಸರಿಟ್ಟು ಕೈತೊಳೆದುಕೊಳ್ಳುವುದು ಎಷ್ಟು ಸಲೀಸು! ದಡದಡ ಲಾಯಕ್ಕೆ ಹೋದಳು. ಮಚ್ಚೆ ಆರಾಮವಾಗಿ ಹುಲ್ಲು ಮೆಲ್ಲುತ್ತಿತ್ತು. ಕುತ್ತಿಗೆ ತಟ್ಟಿ, “ಏನಿಲ್ಲ ಕಣೆ, ಏನಿಲ್ಲ,” ಎಂದಳು.

ಮೆಲ್ಲುವುದು ನಿಂತಿತು. ಕಿವಿಗಳು ಹಿಂದಕ್ಕೆ ಮಲಗಿದವು. ಮೈ ಸಣ್ಣಗೆ ನಡುಗಿತು.

ಸುತ್ತಿಗೆ ಇಲ್ಲ, ಭಾವ ಇಲ್ಲ. ಯಾರಿಗೆ ಹೆದರಿತು ಇದು? ಅವಳು ಹಿಂದೆ ಸರಿದು, ದಿನವೂ ಹುಲ್ಲು ಹಾಕುವಾಗ ಬೈಯುವಂತೆ, “ತಿನ್ನೇ ತಿಂಡಿಪೋತಿ, ದಂಡಪಿಂಡ!” ಎಂದು ಗದರಿದಳು. ಮಚ್ಚೆ ಫುರ್ ಎಂದು ಉಸಿರುಬಿಟ್ಟು ಮತ್ತೆ ಹುಲ್ಲಿಗೆ ಬಾಯಿ ಹಾಕಿತು.

ತಂಗಿ ಹಣೆ ಚಚ್ಚಿಕೊಂಡಳು. ಸೂಜಿ ಚುಚ್ಚುವ ಮೊದಲು, ಕಾಲು ಕಟ್ಟುವ ಮೊದಲು, ಎಲ್ಲರೂ ಕುತ್ತಿಗೆ ತಟ್ಟಿ ಹೇಳಿದ್ದು ಇದೇ ‘ಏನಿಲ್ಲ ಕಣೆ’. ಅವಳೂ ಹೇಳಿದ್ದಳು. ಸಮಾಧಾನದ ಮಾತು ಕೇಳಿದರೆ ನೋವು ಬರುತ್ತದೆ ಎಂದು ಪಾಪದ್ದು ಪಾಠ ಕಲಿತುಬಿಟ್ಟಿತ್ತು.

ಮಧ್ಯಾಹ್ನವಿಡೀ ಅವಳು ಬೈದಳು. ಬೈಯುತ್ತ ಗೊರಸು ಎತ್ತಿದಳು, ಮೈ ಬಿಗಿಯಾಗುವ ಮುಂಚೆಯೇ ಕೆಳಗಿಟ್ಟಳು. ಬೈಯುತ್ತ ಗೊರಸಿಗೆ ಅಂಗೈಯಿಂದ ತಟ್ಟಿದಳು, ಆಮೇಲೆ ಕಲ್ಲಿನಿಂದ. ಗಂಟಲು ಕಟ್ಟಿತು, ಬಿಡಲಿಲ್ಲ. ಕೊನೆಗೆ ಮಚ್ಚೆ ತಲೆ ತಗ್ಗಿಸಿ ತಾನಾಗಿ ಕಾಲು ಕೊಟ್ಟಿತು.

“ಬನ್ನಿ ಭಾವ. ಕುತ್ತಿಗೆ ತಟ್ಟಬೇಡಿ, ಮುದ್ದು ಮಾಡಬೇಡಿ. ಬೈಯಿರಿ.”

“ಕುದುರೆನ ಬೈಯೋಕೆ ಕರೆದ್ಯಾ? ನಿಮ್ಮಕ್ಕನ ಹತ್ರ ಇಷ್ಟು ವರ್ಷ ಬೈಸಿಕೊಂಡಿದ್ದು ದಂಡ ಆಗಲಿಲ್ಲ ಬಿಡು,” ಎಂದು ಭಾವ ಬಗ್ಗಿ ಕುಳಿತ. “ಏ ಹೊಟ್ಟೆಬಾಕಿ, ಮೈಗಳ್ಳಿ, ಎತ್ತೇ ಕಾಲು!”

ಮೊಳೆಗಳು ಒಂದೊಂದಾಗಿ ಇಳಿದವು. ಕೊನೆಯದು ಅರ್ಧ ಹೋಗಿತ್ತು. ಹೊರಗೆ ಲಾರಿ ಬಂದು ನಿಂತ ಸದ್ದು. ಬಾಗಿಲಲ್ಲಿ ಅಕ್ಕ. ಮಚ್ಚೆಯನ್ನು ನೋಡಿ ಅವಳ ಕರುಳೂ ಚುರುಕ್ಕೆಂದಿರಬೇಕು, “ಏನಿಲ್ಲ ಕಣೆ, ಏನಿ—” ಎಂದಳು.

ಮಚ್ಚೆಯ ಕಾಲು ಬಿಗಿಯಿತು. ಭಾವನ ಮುಖ ಬಿಳಿಚಿಕೊಂಡಿತು. ಹುಟ್ಟಿದಂದಿನಿಂದ ಅಕ್ಕನಿಗೆ ಎದುರಾಡದ ತಂಗಿ ತಿರುಗಿದ್ದೇ, “ಬಾಯ್ಮುಚ್ಚೇ, ದಂಡಪಿಂಡ!” ಎಂದು ಸೂರು ಹಾರುವಂತೆ ಕಿರುಚಿದಳು.

ಮಚ್ಚೆ ಫುರ್ ಎಂದಿತು. ಕಾಲು ಸಡಿಲವಾಯಿತು. ಭಾವ ತಡಮಾಡದೆ ಒಂದೇ ಏಟಿಗೆ ಮೊಳೆ ಇಳಿಸಿದ.

“ಯಾರಿಗೆ ಹೇಳಿದ್ದು ಅದು?” ಎಂದಳು ಅಕ್ಕ.

“ಇಬ್ಬರಿಗೂ.”

ಅಕ್ಕ ಅವಳನ್ನೂ, ನೆಲಕ್ಕೆ ಊರಿದ ಹೊಸ ಲಾಳವನ್ನೂ ದಿಟ್ಟಿಸಿದಳು. ಆಮೇಲೆ ಸೆರಗು ಬಿಗಿದು ಹೊರನಡೆದಳು. ಅವಳ ದನಿ ಅಂಗಳದಿಂದ ಕೇಳಿತು: “ಏನಯ್ಯಾ, ದಾರಿಗಡ್ಡ ನಿಲ್ಲಿಸಿದ್ದೀಯ? ತಿರುಗಿಸು ಲಾರಿ!”

ಬೈಗುಳ ಕೇಳಿ ಮಚ್ಚೆ ಹುಲ್ಲಿಗಾಗಿ ಬಾಗಿಲ ಕಡೆ ನೋಡಿತು.