ನಿನ್ನೆಯ ಮೀನು

ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನನ್ನನ್ನು ಬಲ್ಲವರೆಲ್ಲ ಹೇಳುತ್ತಾರೆ. ಹೇಳಲಿ. ಕ್ಲಚ್ ಯಾವುದು, ಬ್ರೇಕ್ ಯಾವುದು ಎಂದು ತಿಳಿಯದವರ ಕೈಯಲ್ಲಿ ಪ್ರಾಣ ಇಟ್ಟು ದಿನವಿಡೀ ಪಕ್ಕದ ಸೀಟಿನಲ್ಲಿ ಕೂರುವವಳಿಗೆ ಕೋಪ ಬರದೆ ಮತ್ತೇನು ಬರುತ್ತದೆ? ನಾನು ಡ್ರೈವಿಂಗ್ ಸ್ಕೂಲಿನ ಮೇಡಂ. ಕಲಿಸುವ ಕಾರಿನಲ್ಲಿ ನನ್ನ ಕಾಲ ಕೆಳಗೂ ಒಂದು ಬ್ರೇಕ್ ಇದೆ. ಬಾಯಿಗೆ ಮಾತ್ರ ಇಲ್ಲ.

ಅಂಥ ಕೋಪ ಬರುತ್ತದೆ, ಹೋಗುತ್ತದೆ. ಇದು ಹೋಗಿಲ್ಲ.

ಒಂದೇ ಶಾಲೆಯಲ್ಲಿ ಕಲಿತ ನಾವು ನಾಲ್ವರು ಇವತ್ತಿಗೂ ಗೆಳೆಯರು. ಹಲ್ಲಿನ ಡಾಕ್ಟರ್ ಆದವಳನ್ನು ಹಲ್ಲು ಎನ್ನುತ್ತೇವೆ. ಟೈಲರ್ ಅಂಗಡಿ ಇಟ್ಟವನು ಸೂಜಿ. ನಾನು ಬ್ರೇಕು. ನಾಲ್ಕನೆಯವನಿಗೆ ಟೀ ಕಂಪನಿಯಲ್ಲಿ ರುಚಿ ನೋಡುವ ಕೆಲಸ. ಸಾಲಾಗಿಟ್ಟ ಬಟ್ಟಲುಗಳಿಂದ ಒಂದೊಂದೇ ಚಮಚ ಟೀಯನ್ನು ಸೊರ್ರೆಂದು ಎಳೆದು, ಬಾಯಲ್ಲಿ ಆಡಿಸಿ, ಉಗಿದು, ಈ ಎಲೆ ಇಂಥದ್ದು ಎಂದು ಹೇಳಿದರೆ ಅವನಿಗೆ ಸಂಬಳ. ಅವನು ನಮಗೆಲ್ಲ ನಾಲಿಗೆ.

ತಿಂಗಳಿಗೊಂದು ಭಾನುವಾರ ಮಧ್ಯಾಹ್ನ ಸುತ್ತಮುತ್ತಲಿನ ಯಾವುದಾದರೂ ಹೋಟೆಲಿನಲ್ಲಿ ಸೇರಿ ಊಟ ಮಾಡುತ್ತಿದ್ದೆವು. ಅದಕ್ಕೊಂದು ಪದ್ಧತಿ ತಾನಾಗಿಯೇ ಬಂದುಬಿಟ್ಟಿತ್ತು. ಬಡಿಸಿದ ಮೇಲೆ ಮೊದಲ ತುತ್ತು ನಾಲಿಗೆಯದು. ಅವನು ಕಣ್ಣು ಮುಚ್ಚಿ ಅಗಿಯುವವರೆಗೆ ನಾವು ಮೂವರೂ ಕೈ ಕಟ್ಟಿ ಕೂರಬೇಕು. ಅವನು "ಹೂಂ" ಅಂದರೆ ಊಟ ಚೆನ್ನಾಗಿದೆ. "ಊಹೂಂ" ಅಂದರೆ ಅಡುಗೆ ಕೆಟ್ಟಿದೆ ಎಂದೇ ಲೆಕ್ಕ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ನಾವು. ಹೋಟೆಲಿನವರಿಗೂ ಈ ವಿಷಯ ಗೊತ್ತಾಗಿ, ಅವನು ಬಂದನೆಂದರೆ ಮಾಲೀಕರು ಗಲ್ಲಾಪೆಟ್ಟಿಗೆ ಬಿಟ್ಟು ಮೇಜಿನ ಹತ್ತಿರ ಬಂದು ನಿಲ್ಲುತ್ತಿದ್ದರು. ಅಕ್ಕಪಕ್ಕದ ಮೇಜಿನವರೂ ಕಿವಿ ಇತ್ತ ಇಡುತ್ತಿದ್ದರು. ಅವನಿಗೆ ಅದು ಇಷ್ಟ. ನಮಗೂ ಒಂದು ಹೆಮ್ಮೆ, ಸುಳ್ಳು ಯಾಕೆ ಹೇಳಲಿ.

ನನ್ನ ತಂಗಿ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಡುಗೆ ಮಾಡುತ್ತಿದ್ದಳು. ದೊಡ್ಡ ಹಂಡೆಗಳಲ್ಲಿ ಯಾರ ಮುಖವೂ ಕಾಣದ ಅಡುಗೆ. ಕಿಟಕಿಯಿಂದ ತಟ್ಟೆ ಹೊರಗೆ, ಕಿಟಕಿಯಿಂದ ತಟ್ಟೆ ಒಳಗೆ. ಅವಳಿಗೆ ಸಾಕಾಗಿತ್ತು. ತಿನ್ನುವವರ ಮುಖ ನೋಡಿ ಬಡಿಸಬೇಕು ಅನ್ನುವುದೊಂದೇ ಅವಳ ಆಸೆ. ಕೊನೆಗೆ ಕೆಲಸ ಬಿಟ್ಟು ನನ್ನ ಸ್ಕೂಲಿನ ಹಿಂದಿನ ಬೀದಿಯಲ್ಲಿ ನಾಲ್ಕಾರು ಮೇಜಿನ ಒಂದು ಹೋಟೆಲ್ ತೆರೆದಳು. ಅಡುಗೆಮನೆಗೂ ಊಟದ ಜಾಗಕ್ಕೂ ನಡುವೆ ಗೋಡೆಯನ್ನೇ ಕಟ್ಟಿಸಲಿಲ್ಲ.

"ನಮ್ಮ ನಾಲಿಗೆನ ಕರ್ಕೊಂಡು ಬರ್ತೀನಿ," ಅಂದೆ.

"ಸ್ವಲ್ಪ ದಿನ ಹೋಗ್ಲಿ ಅಕ್ಕ. ಇನ್ನೂ ಒಲೆನೇ ನನ್ನ ಮಾತು ಕೇಳ್ತಿಲ್ಲ."

"ಅವನು ಒಂದ್ಸಲ ಹೂಂ ಅಂದ್ರೆ ಬೀದಿಗೆ ಬೀದಿನೇ ಬಂದು ಕೂತ್ಕೊಳುತ್ತೆ. ಸುಮ್ನಿರು."

ಆ ಭಾನುವಾರ ಬೆಳಗಾಗುವ ಮೊದಲೇ ನನ್ನ ಕಾರಿನಲ್ಲೇ ಇಬ್ಬರೂ ಮೀನು ಮಾರ್ಕೆಟ್ಟಿಗೆ ಹೋದೆವು. ದೋಣಿಯಿಂದ ಆಗ ತಾನೇ ಇಳಿಸಿದ ಬುಟ್ಟಿಗಳು. ತಂಗಿ ಒಂದೊಂದು ಮೀನಿನ ಕಿವಿರು ಎತ್ತಿ ನೋಡಿ, ಕಣ್ಣು ನೋಡಿ, ಬೆರಳಿನಿಂದ ಒತ್ತಿ ಆರಿಸಿದಳು. ಮಾರುವವಳು, "ಏನಮ್ಮ, ಮಗಳಿಗೆ ಗಂಡು ನೋಡ್ತಿದ್ದೀಯಾ?" ಎಂದು ಬೈದಳು. ನಾನು ನಕ್ಕೆ. ಬರುವಾಗ ಕಾರಿನಲ್ಲಿ ಸಮುದ್ರದ ವಾಸನೆ ತುಂಬಿಕೊಂಡಿತ್ತು. ಆ ವಾರವೆಲ್ಲ ಕಲಿಯಲು ಬಂದವರು ಮೂಗು ಮುಚ್ಚಿಕೊಂಡೇ ಗೇರ್ ಹಾಕಿದರು.

ಮಧ್ಯಾಹ್ನ ನಾಲ್ವರೂ ಕೂತೆವು. ಇನ್ನೆರಡು ಮೇಜು ತುಂಬಿತ್ತು. ಒಂದರಲ್ಲಿ ಹೊಸದಾಗಿ ಮದುವೆಯಾದ ಹಾಗೆ ಕಾಣುವ ಗಂಡ ಹೆಂಡತಿ, ಇನ್ನೊಂದರಲ್ಲಿ ಪಕ್ಕದ ಪ್ರೆಸ್ಸಿನ ಕೆಲಸಗಾರರು. ತಂಗಿ ಅನ್ನ, ಹುರಿದ ಮೀನು ಬಡಿಸಿ, ಸೌಟು ಕೈಯಲ್ಲೇ ಹಿಡಿದು ನಿಂತಳು. ನಾಲಿಗೆ ಮೀನಿನ ತುಂಡು ಮುರಿದು ಬಾಯಿಗಿಟ್ಟು ಕಣ್ಣು ಮುಚ್ಚಿದ. ಅಗಿದ. ಬಹಳ ಹೊತ್ತು ಅಗಿದ.

"ಊಹೂಂ," ಅಂದ. "ಮೀನು ನಿನ್ನೇದು."

ಗಟ್ಟಿಯಾಗಿಯೇ ಅಂದ. ಪಕ್ಕದ ಮೇಜಿನ ಹೆಂಡತಿ ಬಾಯಿಯ ಹತ್ತಿರ ಒಯ್ದ ತುತ್ತನ್ನು ಕೆಳಗಿಳಿಸಿದಳು. ಪ್ರೆಸ್ಸಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಏನಂದೆ?" ಅಂದೆ ನಾನು.

"ನಿನ್ನೇದು ಅಂದೆ. ನಾಲಿಗೆ ಸುಳ್ಳು ಹೇಳಲ್ಲ."

ಹಲ್ಲು ಒಂದು ಚೂರು ಮುರಿದು ತಿಂದಳು. ಅವಳ ಕಣ್ಣು ಅರಳಿದ್ದನ್ನು ನಾನು ನೋಡಿದೆ. ಸೂಜಿಯೂ ತಿಂದ. ಅವನ ಕೈ ಇನ್ನೊಂದು ಚೂರಿಗೆ ಹೋಗಿ ಹಿಂದಕ್ಕೆ ಬಂತು. "ಹೌದು ಕಣೋ, ಏನೋ ಒಂಥರಾ ಇದೆ," ಅಂದ. ಹಲ್ಲು ನೀರಿನ ಲೋಟ ಎತ್ತಿಕೊಂಡಳು.

ಮೈಯೆಲ್ಲ ಉರಿದುಹೋಯಿತು. ಎದ್ದು ನಿಂತು ಕೂಗಾಡಿದೆ. ಬೆಳಿಗ್ಗೆ ನಾನೇ ಕಾರು ಓಡಿಸಿಕೊಂಡು ಹೋಗಿದ್ದೆ ಅಂದೆ, ಕಿವಿರು ರಕ್ತದ ಹಾಗೆ ಕೆಂಪಗಿತ್ತು ಅಂದೆ, ನಿನಗೇನು ತಲೆ ಕೆಟ್ಟಿದೆಯಾ ಅಂದೆ. ಅವನು ಕೈ ತೊಳೆದುಕೊಂಡ. ತಂಗಿ ಮಾತ್ರ ಅಲ್ಲೇ ನಿಂತಿದ್ದಳು. ಬೆಂಚು ಒದ್ದು ಹೊರಗೆ ಬಂದೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಾಲಿಗೆಯ ಮಾತು ಬೀದಿಯ ಆ ತುದಿಯಿಂದ ಈ ತುದಿಗೆ ಓಡಿತು. ಪ್ರೆಸ್ಸಿನವರು ಮತ್ತೆ ಮನೆಯಿಂದ ಡಬ್ಬಿ ತರತೊಡಗಿದರು. ಅದಕ್ಕಿಂತ ಕೆಟ್ಟದ್ದು ಒಳಗೆ ನಡೆಯಿತು. ತಂಗಿ ಮೀನು ಮಾಡುವುದನ್ನೇ ಬಿಟ್ಟಳು. ಬೇಳೆಗೆ ಉಪ್ಪು ಹಾಕಿ ರುಚಿ ನೋಡುವಳು, ಸಾಲದೆಂದು ಮತ್ತೆ ಹಾಕುವಳು, ಹೆಚ್ಚಾಯಿತೆಂದು ನೀರು ಸುರಿಯುವಳು. ಅವನು ಹೇಳಿದ ಸುಳ್ಳು ದಿನದಿಂದ ದಿನಕ್ಕೆ ನಿಜವಾಗುತ್ತಿತ್ತು. ಅವಳ ಅಡುಗೆ ನಿಜವಾಗಿಯೂ ಕೆಡುತ್ತಿತ್ತು.

"ಕ್ಯಾಂಟೀನಿನವರು ಇನ್ನೂ ಜಾಗ ಇಟ್ಟಿದಾರೆ ಅಕ್ಕ," ಅಂದಳು ಒಂದು ದಿನ.

"ಬಾಯಿ ಮುಚ್ಚು," ಅಂದೆ. ಅವನ ಬಾಯಿಂದ ಕ್ಷಮೆ ಕೇಳಿಸದಿದ್ದರೆ ನಾನು ನಾನಲ್ಲ ಎಂದು ಮನಸ್ಸಿನಲ್ಲೇ ಹಲ್ಲು ಕಡಿದೆ.

ಮುಂದಿನ ಊಟ ರೈಲು ನಿಲ್ದಾಣದ ಎದುರಿನ ಹೋಟೆಲಿನಲ್ಲಿ. ಜಗಳಕ್ಕೆಂದೇ ಹೋದೆ. ಜಗಳ ಆಗಲಿಲ್ಲ. ನಾಲಿಗೆ ಏನೂ ನಡೆದೇ ಇಲ್ಲ ಅನ್ನುವಂತೆ ಸೂಪಿಗೆ ಹೂಂ, ಅನ್ನಕ್ಕೆ ಹೂಂ ಅನ್ನುತ್ತ ಕೂತಿದ್ದ. ಮಾಲೀಕರು ಹಿರಿಹಿರಿ ಹಿಗ್ಗಿದರು. ಊಟದ ಕೊನೆಗೆ ಟೀ ಬಂತು. ನಾಲಿಗೆ ಕೈ ತೊಳೆಯಲು ಎದ್ದ. ಮೇಜಿನ ಮೇಲೆ ಉಪ್ಪಿನ ಡಬ್ಬಿ ಇತ್ತು. ಎರಡು ಚಮಚ ತುಂಬ ತೆಗೆದು ಅವನ ಟೀಗೆ ಹಾಕಿ ಕದಡಿದೆ. ನಮ್ಮ ವಯಸ್ಸಿಗೆ ಇದು ಹುಡುಗಾಟ ಎಂದು ಗೊತ್ತಿತ್ತು. ಎಲ್ಲರೆದುರು ಥೂ ಎಂದು ಉಗುಳಲಿ, ಅಂಗಿ ಮೇಲೆ ಚೆಲ್ಲಿಕೊಳ್ಳಲಿ. ಅಷ್ಟಾದರೆ ಹೊಟ್ಟೆ ತಣ್ಣಗಾಗುತ್ತದೆ. ಹಲ್ಲು ನೋಡಿ, ಮೇಜಿನ ಕೆಳಗೆ ನನ್ನ ಕಾಲು ತುಳಿದಳು.

ನಾಲಿಗೆ ಬಂದ. ಬಟ್ಟಲು ಎತ್ತಿದ. ಸೊರ್ರೆಂದು ಎಳೆದ. ಕಣ್ಣು ಮುಚ್ಚಿದ.

"ಹೂಂ. ಒಳ್ಳೆ ಎಲೆ. ಎತ್ತರದ ತೋಟದ್ದು."

"ಹೌದು ಕಣೋ, ಒಳ್ಳೆ ಎಲೆ," ಅಂದ ಸೂಜಿ, ಎಂದಿನಂತೆ.

ನಾನೂ ಹಲ್ಲೂ ಒಬ್ಬರನ್ನೊಬ್ಬರು ನೋಡಿದೆವು.

"ಇನ್ನೊಂದು ಗುಟುಕು ಕುಡಿ," ಅಂದೆ.

ಕುಡಿದ. ಅವನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಬಟ್ಟಲು ಕಿತ್ತುಕೊಂಡು ಸೂಜಿಯ ಮುಂದೆ ಹಿಡಿದೆ. ಅವನು ಬಾಯಿಗೆ ಹಚ್ಚಿದವನೇ ತಟ್ಟೆಗೆ ಉಗಿದ. "ಅಯ್ಯಯ್ಯೋ, ಬರೀ ಉಪ್ಪು ಕಣೇ ಇದು!"

ನಾಲಿಗೆ ಬಟ್ಟಲನ್ನು ನೋಡಿದ, ಉಪ್ಪಿನ ಡಬ್ಬಿಯನ್ನು ನೋಡಿದ, ಆಮೇಲೆ ನನ್ನನ್ನು ನೋಡಿದ. ಅವನ ಮುಖ ಬಿಳಿಚಿಕೊಂಡಿತು.

"ಯಾವಾಗಿಂದ?" ಹಲ್ಲು ಕೇಳಿದಳು. ಅವಳ ದನಿ ಡಾಕ್ಟರದಾಗಿತ್ತು.

"ಚಳಿಗಾಲದಲ್ಲಿ ಜ್ವರ ಬಂತಲ್ಲ, ಆವಾಗಿಂದ," ಅಂದ. "ವಾಸನೆ ಹೋಯ್ತು. ಆಮೇಲೆ ರುಚಿನೂ ಹೋಯ್ತು. ಉಪ್ಪಿಲ್ಲ, ಹುಳಿಯಿಲ್ಲ, ಏನಿಲ್ಲ. ಕಾಗದ ಅಗಿದ ಹಾಗೆ. ಆಫೀಸಲ್ಲಿ ಕೈಕೆಳಗಿನ ಹುಡುಗಿ ಮೊದಲು ಕುಡೀತಾಳೆ, ಅವಳು ಹೇಳಿದ್ದಕ್ಕೆ ನಾನು ತಲೆ ಆಡಿಸ್ತೀನಿ. ಗೊತ್ತಾದ್ರೆ ಮನೆಗೆ ಕಳಿಸ್ತಾರೆ. ಈ ವಯಸ್ಸಲ್ಲಿ ಬೇರೆ ಏನು ಕೆಲಸ ಬರುತ್ತೆ ನಂಗೆ? ಯಾರಿಗೂ ಹೇಳಬೇಡಿ ಕಣ್ರೋ."

ಒಂದು ಕ್ಷಣ ಅಯ್ಯೋ ಅನ್ನಿಸಿತು. ಒಂದೇ ಕ್ಷಣ.

"ಹಾಗಾದ್ರೆ ನನ್ನ ತಂಗಿ ಮೀನು?"

ಅವನು ಉಪ್ಪಿನ ಡಬ್ಬಿಯ ಮುಚ್ಚಳ ಮುಚ್ಚಿದ. "ಎಲ್ಲಾ ಕಡೆ ಹೂಂ ಹೂಂ ಅಂತಾನೇ ಹೋಗ್ತಿದ್ದೆ. ಸೂಜಿ ಒಂದಿನ ಕೇಳ್ದ, ಏನೋ ಇತ್ತೀಚೆಗೆ ನಿಂಗೆ ಎಲ್ಲಾನೂ ಇಷ್ಟ ಆಗುತ್ತೆ ಅಂತ. ಭಯ ಆಯ್ತು. ಎಲ್ಲಾದ್ರೂ ಒಂದು ಕಡೆ ಊಹೂಂ ಅನ್ನಬೇಕಿತ್ತು. ಬೇರೆ ಹೋಟೆಲಿನವರು ಜಗಳಕ್ಕೆ ಬರ್ತಾರೆ. ಅವಳು ನಿನ್ನ ತಂಗಿ ಅಲ್ವಾ, ನಮ್ಮವಳೇ. ಬೇಜಾರು ಮಾಡ್ಕೊಳಲ್ಲ ಅಂದ್ಕೊಂಡೆ."

ನಮ್ಮವಳೇ ಅಂತೆ! ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವವರನ್ನು ಕೇಳಿದ್ದೆ. ಇವನು ಮನೆ ಮಗಳನ್ನೇ ತಳ್ಳಿದ. ತಿರುಗಿ ಬೈಯುವುದಿಲ್ಲ ಅನ್ನುವ ಒಂದೇ ಧೈರ್ಯದ ಮೇಲೆ ತಳ್ಳಿದ. ಅವನ ರಟ್ಟೆ ಹಿಡಿದು ಎಬ್ಬಿಸಿದೆ. ಹಲ್ಲು, ಸೂಜಿ ಹಿಂದೆ ಬಂದರು. ಕಾರಿನಲ್ಲಿ ಅವನನ್ನು ನನ್ನ ಪಕ್ಕಕ್ಕೆ ತಳ್ಳಿ ಗಾಡಿ ಬಿಟ್ಟೆ. ತಂಗಿಯ ಬೀದಿಗೆ ತಿರುಗುವಾಗ ಅವನು ಹೆದರಿ, ಕಲಿಸುವವರ ಬ್ರೇಕನ್ನು ತುಳಿದುಬಿಟ್ಟ. ಗಾಡಿ ನಡುರಸ್ತೆಯಲ್ಲಿ ಗಕ್ಕೆಂದು ನಿಂತಿತು.

"ಕಾಲು ತೆಗಿ," ಅಂದೆ. ತೆಗೆದ.

ಹೋಟೆಲಿನಲ್ಲಿ ತಿನ್ನುವವರು ಯಾರೂ ಇರಲಿಲ್ಲ. ತಂಗಿ ಮೇಜಿನ ಮೇಲೆ ಬೆಂಚುಗಳನ್ನು ಮಗುಚಿಡುತ್ತಿದ್ದಳು. ಹಿಂದೆ ಒಲೆ ಆರಿತ್ತು, ಪಾತ್ರೆಗಳು ಒಂದರೊಳಗೊಂದು ಕೂತಿದ್ದವು.

"ಹೇಳು," ಅಂದೆ ಅವನಿಗೆ. "ಗಟ್ಟಿಯಾಗಿ ಹೇಳು. ಆವತ್ತು ಹೇಗೆ ಹೇಳಿದ್ಯೋ ಹಾಗೆ."

ಅವನು ಹೇಳಿದ. ಜ್ವರ, ಆಫೀಸು, ಊಹೂಂ, ನಮ್ಮವಳೇ, ಎಲ್ಲ. ಹೇಳುತ್ತ ಅತ್ತ. ತಂಗಿ ಕೈಯಲ್ಲಿದ್ದ ಬೆಂಚನ್ನು ಕೆಳಗಿಡದೆ ಕೇಳಿದಳು.

"ಏನೂ ಗೊತ್ತಾಗ್ಲಿಲ್ವಾ ಅಣ್ಣ, ನನ್ನ ಅಡುಗೆ?"

"ಏನೂ ಇಲ್ಲಮ್ಮ. ತಪ್ಪಾಯ್ತು."

"ಹೂಂ," ಅಂದಳು ತಂಗಿ. ಬೆಂಚನ್ನು ಮೇಜಿನ ಮೇಲಿಟ್ಟಳು. "ನಾಳೆಯಿಂದ ಕ್ಯಾಂಟೀನಿಗೆ ಬರ್ತೀನಿ ಅಂತ ಹೇಳಿಯಾಯ್ತು. ಬೀಗದ ಕೈನೂ ಜಾಗದ ಮಾಲೀಕರಿಗೆ ಕೊಡೋಕೆ ಹೊರಟಿದ್ದೆ."

"ನೋಡ್ದೇನೋ?" ನಾನು ಅವನ ಮೇಲೆ ಹರಿಹಾಯ್ದೆ. "ನೋಡ್ದೇನೋ ನೀನು ಮಾಡಿದ್ದು? ಒಂದು ಮನೆ ಒಲೆ ಆರಿಸಿದೆ. ನಿನ್ನ ಒಂದು ಮಾತಿಗೆ..."

"ಅವರ ಮಾತಿಗಲ್ಲ ಅಕ್ಕ."

ಅವಳು ಅಷ್ಟು ಮೆಲ್ಲಗೆ ಹೇಳಿದ್ದರಿಂದಲೇ ನಾನು ನಿಂತೆ.

"ಅವರು ಅಂದಿದ್ದಕ್ಕೆ ಬೇಜಾರಾಯ್ತು, ನಿಜ. ಆದ್ರೆ ಹೊರಗಿನವರು ಸಾವಿರ ಅಂತಾರೆ. ನೀನು ಕೂಗಾಡಿ ಹೋದ ಮೇಲೆ ನಾಲ್ಕೂ ತಟ್ಟೆ ನಾನೇ ತೆಗೆದೆ. ಅವರ ತಟ್ಟೇಲಿ ಒಂದು ತುಂಡು ಮುರಿದಿತ್ತು. ಡಾಕ್ಟರಮ್ಮನ ತಟ್ಟೇಲೂ ಮುರಿದಿತ್ತು, ಟೈಲರಣ್ಣನ ತಟ್ಟೇಲೂ. ನಿನ್ನ ತಟ್ಟೆ ಮಾತ್ರ ನಾನು ಬಡಿಸಿದ ಹಾಗೇ ಇತ್ತು. ಕಿವಿರು, ಮಾರ್ಕೆಟ್ಟು, ಏನೇನೋ ಹೇಳಿ ಜಗಳ ಆಡಿದೆ. ಬಾಯಿಗೆ ಮಾತ್ರ ಇಡ್ಲಿಲ್ಲ."

ಅವಳು ಹೇಳಿದ್ದು ನಿಜ. ಅವನು ಹೂಂ ಅನ್ನಲಿ ಎಂದು ನಾನೂ ಕೈ ಕಟ್ಟಿ ಕಾದಿದ್ದೆ. ಊಹೂಂ ಅಂದ ಮೇಲೆ ತಟ್ಟೆಯ ನೆನಪೇ ಆಗಿರಲಿಲ್ಲ.

"ನಮ್ಮಕ್ಕನಿಗೇ ನಂಬಿಕೆ ಇಲ್ಲ ಅಂದ್ಕೊಂಡೆ," ಅಂದಳು. "ಒಂದು ತುತ್ತು ತಿಂದಿದ್ರೆ ಸಾಕಿತ್ತು."

ಆಮೇಲೆ ಉಳಿದಿದ್ದ ದೊಡ್ಡ ಬೆಂಚಿನ ಒಂದು ತುದಿ ಹಿಡಿದು, "ಆ ಕಡೆ ಹಿಡ್ಕೊ," ಅಂದಳು. ಹಿಡಿದುಕೊಂಡೆ. ನಾಲಿಗೆ ಕಣ್ಣೊರೆಸಿಕೊಂಡು ಸಹಾಯಕ್ಕೆ ಬಂದ. ಎರಡೂ ಕೈ ಬೆಂಚಿನ ಕೆಳಗಿತ್ತು, ಇಲ್ಲದಿದ್ದರೆ ಅವನ ಕೆನ್ನೆಗೆ ಬಾರಿಸಿಯೇ ಬಿಡುತ್ತಿದ್ದೆ. ತಂಗಿ, "ಎತ್ತು," ಅಂದಳು. ಎತ್ತಿದೆ.