ದಿಂಬಿನ ಹಿಂದಿನ ಗಾಳಿಕಿಂಡಿ

ಲಕ್ವಾ ಹೊಡೆದವರನ್ನು ಬಸ್ಸು ಹತ್ತಿಸುವ ಕಷ್ಟ ಹತ್ತಿಸಿದವರಿಗೇ ಗೊತ್ತು. ಗುಬ್ಬಿಯಲ್ಲಿ ನಮ್ಮ ಪಕ್ಕದ ಮನೆಯ ಗಂಗಹನುಮಯ್ಯನವರಿಗೆ ಎಡಗೈ, ಎಡಗಾಲು ಸ್ವಾಧೀನ ತಪ್ಪಿ ನಾಲ್ಕು ತಿಂಗಳಾಗಿತ್ತು. ಕಾಲು ನಿಧಾನಕ್ಕೆ ಹಿಡಿತಕ್ಕೆ ಬರುತ್ತಿತ್ತು. ಕೈಗೆ ಮಾತ್ರ ಚಿವುಟಿದರೂ ತಿಳಿಯುತ್ತಿರಲಿಲ್ಲ. ವಾರಕ್ಕೆ ಮೂರು ದಿನ ತುಮಕೂರಿನ ಬಟವಾಡಿಯ ಆಸ್ಪತ್ರೆಗೆ ಹೋಗಿ ವ್ಯಾಯಾಮ ಮಾಡಿಸಬೇಕು. "ಈಗಿನ ದಿನಗಳೇ ಮುಖ್ಯ, ಒಂದು ಸಲವೂ ತಪ್ಪಿಸಬೇಡಿ" ಎಂದು ಅಲ್ಲಿಯ ಡಾಕ್ಟರು ಹೇಳಿದ್ದರು. ಹೆಂಡತಿ ಕದರಮ್ಮ ಕೆಳಗಿನಿಂದ ತಳ್ಳುವರು, ಕಂಡಕ್ಟರು ಮೇಲಿನಿಂದ ಕೈ ಹಿಡಿದು ಎಳೆಯುವನು. ಆ ಕಂಡಕ್ಟರು ಒಂದು ದಿನವೂ ಸಿಡುಕಿದವನಲ್ಲ.

ಅಪ್ಪನ ಪಾಡು ನೋಡಲಾರದೆ ಮಗ ಚನ್ನೇಶ ಒಂದು ಸೆಕೆಂಡ್ ಹ್ಯಾಂಡ್ ಕಾರು ತಂದ. ಹೈಬ್ರಿಡ್ ಕಾರು. ಪೆಟ್ರೋಲ್ ಎಂಜಿನ್ನೂ ಇದೆ, ಜೊತೆಗೆ ಹಿಂದಿನ ಸೀಟಿನ ಕೆಳಗೆ ದೊಡ್ಡ ಬ್ಯಾಟರಿಯೂ ಇದೆ.

"ಸದ್ದೇ ಇಲ್ಲ ಕಣೋ! ಹೊಸ ಸೊಸೆ ನಡುಮನೆಗೆ ಬಂದಂಗೆ ಬರ್ತದೆ" ಎಂದು ಕದರಮ್ಮ ಹಿಗ್ಗಿದರು. ನಾವೆಲ್ಲ ಬಾನೆಟ್ಟಿಗೆ ಅರಿಶಿನ ಕುಂಕುಮ ಹಚ್ಚಿದೆವು, ಚಕ್ರದಡಿ ನಿಂಬೆಹಣ್ಣು ಇಟ್ಟೆವು. ಹಿಂದಿನ ಸೀಟಿನ ಪಕ್ಕ ಬಗ್ಗಿ ನೋಡಿದವರು ಯಾರೂ ಇಲ್ಲ. ಮಾರಿದವನು ಕೊಟ್ಟ ಕಾಗದದ ಫೈಲನ್ನು ಚನ್ನೇಶ ಬಿಚ್ಚದೆ ದೇವರ ಪಟದ ಹಿಂದೆ ಇಟ್ಟ.

ನಾನೂ ಸುಮ್ಮನಿರಲಿಲ್ಲ. ಗಂಗಹನುಮಯ್ಯನವರ ಎಡಗೈ ಜೋತು ಬೀಳದಿರಲಿ ಎಂದು ಬೂರುಗದ ಹತ್ತಿ ತುಂಬಿ ಒಂದು ದಪ್ಪ ದಿಂಬು ಹೊಲಿದುಕೊಟ್ಟೆ. ಅದನ್ನು ಸೀಟಿಗೂ ಬಾಗಿಲಿಗೂ ನಡುವೆ ಸಿಕ್ಕಿಸಿದಾಗ ಅಳತೆ ತೆಗೆದು ಮಾಡಿದ ಹಾಗೆ ಕೂತಿತು. ನನಗೆ ಬಹಳ ಹೆಮ್ಮೆಯಾಯಿತು.

ಒಂದೂವರೆ ತಿಂಗಳು ಕಾರು ಚೆನ್ನಾಗಿಯೇ ಓಡಿತು. ಆಮೇಲೊಂದು ಭಾನುವಾರ ಹುಲಿಯೂರುದುರ್ಗದಲ್ಲಿ ನೆಂಟರ ಮಗುವಿನ ನಾಮಕರಣ. ಚನ್ನೇಶ, ಅವನ ಅಪ್ಪ ಅಮ್ಮ, ಕದರಮ್ಮನ ತಮ್ಮ ಬೆಟ್ಟಯ್ಯ ಮತ್ತು ನಾನು ಹೋಗಿದ್ದೆವು. ಬೆಟ್ಟಯ್ಯನಿಗೆ ಗುಬ್ಬಿಯಲ್ಲಿ ಬ್ಯಾಟರಿ ಅಂಗಡಿ. ಟ್ರ್ಯಾಕ್ಟರು, ಲಾರಿಗಳ ಬ್ಯಾಟರಿ ರಿಪೇರಿಯಲ್ಲಿ ಅವನ ಕೈ ಒಳ್ಳೆಯದು ಎಂಬ ಹೆಸರಿದೆ.

ವಾಪಸು ಬರುವಾಗ ಕುಣಿಗಲ್ ಕೆರೆಯ ಹತ್ತಿರ ಕಾರಿನ ಪರದೆಯ ಮೇಲೆ ಕೆಂಪು ದೀಪ ಹತ್ತಿತು. ಹೈಬ್ರಿಡ್ ವ್ಯವಸ್ಥೆ ಪರೀಕ್ಷಿಸಿ ಎಂಬ ಸೂಚನೆ ಬಂತು. ಹಿಂದಿನಿಂದ ಬುಸ್ ಎಂದು ಫ್ಯಾನಿನ ಸದ್ದು. ಕಾರು ಎಳೆಯಲಾರದೆ ಎಳೆಯಿತು. ಚನ್ನೇಶ ಪಕ್ಕಕ್ಕೆ ನಿಲ್ಲಿಸಿದ.

"ನಾಳೆ ಬೆಳಗ್ಗೆ ಬಟವಾಡಿಗೆ ಹೋಗ್ಬೇಕಲ್ಲಪ್ಪಾ" ಎಂದರು ಕದರಮ್ಮ. ಅವರ ಮುಖ ಬಾಡಿತು.

ಎಳನೀರು ಮಾರುತ್ತಿದ್ದ ಹೆಂಗಸೊಬ್ಬಳು ತಾನು ಕೂತಿದ್ದ ಕುರ್ಚಿಯನ್ನೇ ತಂದು ನೆರಳಿಗಿಟ್ಟು ಗಂಗಹನುಮಯ್ಯನವರನ್ನು ಕೂರಿಸಿದಳು. ತಾನು ಕಾಯಿರಾಶಿಯ ಪಕ್ಕ ನಿಂತಳು.

ಬೆಟ್ಟಯ್ಯ ಪಂಚೆ ಎತ್ತಿ ಕಟ್ಟಿದ. "ಇಷ್ಟೇ ತಾನೆ? ಬ್ಯಾಟ್ರಿಗೆ ನೀರು ಇಂಗೋಗಿರ್ತದೆ. ಎರಡು ಬಾಟ್ಲಿ ಬ್ಯಾಟ್ರಿ ನೀರು ತತ್ತಾ, ಕುಡಿಸ್ತೀನಿ. ಎದ್ದು ಕೂತ್ಕೊಂಡು ಊಟ ಕೇಳ್ತದೆ!"

"ಮಾವ, ಇದು ಬೇರೆ ಥರ ಬ್ಯಾಟರಿ ಅಂತಾರೆ..."

"ಏನ್ಲಾ ಬೇರೆ? ನಲವತ್ತು ವರ್ಷದಿಂದ ಬ್ಯಾಟ್ರಿ ಜೊತೆ ಸಂಸಾರ ಮಾಡ್ತಾ ಇವ್ನಿ. ನಿಮ್ಮತ್ತೆಗಿಂತ ಬ್ಯಾಟ್ರಿನೇ ಚೆನ್ನಾಗ್ ಗೊತ್ತು ನಂಗೆ. ಬುಡು ಅತ್ಲಾಗೆ!"

ಸೀಟು ಎತ್ತಿ, ಸ್ಪ್ಯಾನರ್ ಹಿಡಿದು ಕೂತೇಬಿಟ್ಟ. ನಮ್ಮ ಬೀದಿಯ ಇಂಪನಾ ನೆನಪಾದಳು. ಪಾಲಿಟೆಕ್ನಿಕ್ ಓದಿ, ಬಟವಾಡಿಯ ಒಂದು ಸರ್ವಿಸ್ ಸೆಂಟರಿನಲ್ಲಿ ಇಂಥ ಕಾರುಗಳನ್ನೇ ನೋಡಿಕೊಳ್ಳುವ ಹುಡುಗಿ. ವಿಡಿಯೋ ಕಾಲ್ ಮಾಡಿ ಫೋನನ್ನು ಬೆಟ್ಟಯ್ಯನ ಕಡೆ ತಿರುಗಿಸಿದೆ.

"ಅಯ್ಯೋ, ಬೆಟ್ಟಯ್ಯ ಮಾಮ! ಕೈ ತೆಗೀರಿ! ಮೊದಲು ಕೈ ತೆಗೀರಿ!" ಎಂದು ಅವಳು ಕೂಗಿದ ಕೂಗಿಗೆ ಎಳನೀರಿನವಳೂ ತಿರುಗಿ ನೋಡಿದಳು.

"ಯಾಕವ್ವಾ? ಕರೆಂಟ್ ಹೊಡೀತದಾ? ಬ್ಯಾಟ್ರಿ ಕರೆಂಟು ಕಚಗುಳಿ ಇಟ್ಟಂಗಿರ್ತದೆ, ಅಷ್ಟೇಯ."

"ಅದು ಟ್ರ್ಯಾಕ್ಟರ್ ಬ್ಯಾಟರಿ ಮಾಮ, ಹನ್ನೆರಡು ವೋಲ್ಟು. ಇದು ಇನ್ನೂರಕ್ಕಿಂತ ಜಾಸ್ತಿ. ಕಾರು ಆಫ್ ಆಗಿದ್ರೂ ಒಳಗೆ ಜೀವ ಇರ್ತದೆ, ಮುಟ್ಟಿದ್ರೆ ಪ್ರಾಣ ಹೋಗ್ತದೆ. ಇದಕ್ಕೆ ನೀರು ಹಾಕೋ ಬಾಯೇ ಇಲ್ಲ. ಅಲ್ಲಿ ಕೇಸರಿ ಬಣ್ಣದ ವೈರ್ ಕಾಣ್ತಿದ್ಯಾ?"

"ಕಾಣ್ತದೆ. ಹೆಬ್ಬೆರಳು ದಪ್ಪ ಐತೆ."

"ಕೇಸರಿ ವೈರ್ ಕಂಡ್ರೆ ಕೈ ಮುಗಿದು ಹಿಂದಕ್ಕೆ ಬಂದ್ಬಿಡಿ. ನಾನೂ ಅದನ್ನ ಬರಿಗೈಯಲ್ಲಿ ಮುಟ್ಟಲ್ಲ."

ಬೆಟ್ಟಯ್ಯ ಸ್ಪ್ಯಾನರ್ ಕೆಳಗಿಟ್ಟ. ಅವನ ಹಣೆಯಲ್ಲಿ ಬೆವರು. ಆದರೂ ಸೋಲಲು ಮನಸ್ಸಿಲ್ಲ. "ಹಂಗಾರೆ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೀತೀನಿ."

"ಬೇಡ ಮಾಮ, ಚಕ್ರ ಉರುಳಿದ್ರೆ ಒಳಗಿನ ಮೋಟಾರು ಕೆಡಬಹುದು. ಚಪ್ಪಟೆ ಲಾರಿ ಮೇಲೆ ಹತ್ತಿಸಿ ಕಳಿಸಿ. ಚನ್ನೇಶಣ್ಣ, ಫೈಲ್ ಎಲ್ಲಿ?"

"ದೇವರ ಪಟದ ಹಿಂದೆ..." ಎಂದ ಚನ್ನೇಶ ತಲೆ ಕೆರೆಯುತ್ತ.

"ಪೂಜೆ ಸಾಕು, ಈಗ ಓದೋಣ. ನಾಳೆ ತನ್ನಿ."

ಕಾರು ಲಾರಿ ಹತ್ತಿತು. ನಾವು ಬಸ್ಸು ಹತ್ತಿದೆವು. ಮರುದಿನ ಬೆಳಗ್ಗೆ ಗುಬ್ಬಿಯಲ್ಲಿ ಅದೇ ಹಳೆಯ ಕಂಡಕ್ಟರು. "ಯಜಮಾನ್ರೇ, ಕಾರು ಬೇಜಾರಾಯ್ತಾ? ನಮ್ಮ ನೆನಪಾಯ್ತಾ?" ಎಂದು ನಗುತ್ತ ಕೈ ಚಾಚಿದ. ಈ ಸಲ ಕೆಳಗಿನಿಂದ ತಳ್ಳಿದವನು ಬೆಟ್ಟಯ್ಯ. ಅಂಗಡಿ ಮುಚ್ಚಿ ಬಂದಿದ್ದ. ವ್ಯಾಯಾಮ ತಪ್ಪಲಿಲ್ಲ.

ಅದು ಮುಗಿದ ಮೇಲೆ ಎಲ್ಲರೂ ಸರ್ವಿಸ್ ಸೆಂಟರಿಗೆ ಹೋದೆವು. ಇಂಪನಾ ದಪ್ಪ ರಬ್ಬರ್ ಗ್ಲೌಸು ತೊಟ್ಟು ಕೆಲಸ ಮುಗಿಸಿ ಕಾಯುತ್ತಿದ್ದಳು. ಮೇಜಿನ ಮೇಲೆ ಒಂದು ಸಣ್ಣ ಫ್ಯಾನು. ಅದರ ರೆಕ್ಕೆಗೆಲ್ಲ ಬಿಳಿ ನೂಲಿನಂಥದ್ದು ಸುತ್ತಿಕೊಂಡಿತ್ತು. ನೋಡಿದ ಕೂಡಲೇ ನನಗೆ ಗೊತ್ತಾಯಿತು. ಬೂರುಗದ ಹತ್ತಿ.

"ಸೀಟಿನ ಪಕ್ಕ ಜಾಲರಿ ಹಾಕಿದ ಕಿಂಡಿ ಇದ್ಯಲ್ಲ, ಬ್ಯಾಟರಿ ಉಸಿರಾಡೋದು ಅಲ್ಲಿಂದ" ಎಂದಳು. "ಈ ದಿಂಬು ಅದರ ಮೂಗು ಮುಚ್ಚಿತ್ತು. ಹತ್ತಿ ಬೇರೆ ಒಳಗೆ ಹೋಗಿದೆ. ಬ್ಯಾಟರಿ ಕಾದೂ ಕಾದೂ ಸೋತಿದೆ."

"ಅಯ್ಯೋ, ಆ ದಿಂಬು ನಾನೇ ಹೊಲಿದದ್ದಮ್ಮ" ಎಂದೆ.

ಇಂಪನಾ ನನ್ನ ಕೈ ಹಿಡಿದುಕೊಂಡಳು. "ದಿಂಬು ಒಂದೇ ಅಲ್ಲ ದೊಡ್ಡಮ್ಮ. ಬ್ಯಾಟರಿ ಮೊದಲೇ ಸ್ವಲ್ಪ ಬಲ ಕಳ್ಕೊಂಡಿತ್ತು, ಕಂಪ್ಯೂಟರ್ ತೋರಿಸ್ತಿದೆ. ಕೊಳ್ಳೋ ಮುಂಚೆ ಪರೀಕ್ಷೆ ಮಾಡಿಸಿದ್ರೆ ಅವತ್ತೇ ಗೊತ್ತಾಗ್ತಿತ್ತು."

"ಟೈರು ನೋಡ್ದೆ, ಬಣ್ಣ ನೋಡ್ದೆ, ಸ್ಟೀರಿಯೋ ಹಾಕಿ ಹಾಡು ಕೇಳ್ದೆ. ಬ್ಯಾಟರಿ ಮಾತ್ರ ನೋಡ್ಲಿಲ್ಲ" ಎಂದ ಚನ್ನೇಶ ಸಪ್ಪಗೆ. ಆಮೇಲೆ ಮೆಲ್ಲನೆ ಕೇಳಿದ, "ಹೊಸ ಬ್ಯಾಟರಿಗೆ ದುಡ್ಡು ನಾನೆಲ್ಲಿಂದ ತರಲಿ?"

ಇಂಪನಾ ಫೈಲು ಬಿಚ್ಚಿ ಹಾಳೆ ತಿರುವಿದಳು. ಗಂಗಹನುಮಯ್ಯನವರು ಉಸಿರು ಹಿಡಿದು ಅವಳ ಮುಖವನ್ನೇ ನೋಡುತ್ತಿದ್ದರು.

"ಈ ಬ್ಯಾಟರಿಗೆ ಕಂಪನಿ ವಾರಂಟಿ ಬೇರೇನೇ ಇದೆ. ಇನ್ನೂ ಹದಿನಾಲ್ಕು ತಿಂಗಳು ಉಳಿದಿದೆ. ಸರ್ವಿಸ್ ಪುಸ್ತಕ ಸರಿಯಾಗಿದೆ. ಆರ್‌ಸಿ ನಿಮ್ಮ ಹೆಸರಿಗೆ ಆಗಿದೆ ತಾನೆ?"

"ಆಗಿದೆ."

"ಬ್ಯಾಟರಿ ಮುಚ್ಚಳದ ಸೀಲೂ ಒಡೆದಿಲ್ಲ." ಅವಳು ಬೆಟ್ಟಯ್ಯನತ್ತ ನೋಡಿ ನಕ್ಕಳು. "ನಿನ್ನೆ ಮಾಮನ್ನ ಇನ್ನೊಂದು ನಿಮಿಷ ಬಿಟ್ಟಿದ್ರೆ ಸೀಲೂ ಇರ್ತಿರ್ಲಿಲ್ಲ, ವಾರಂಟಿನೂ ಇರ್ತಿರ್ಲಿಲ್ಲ."

"ನಾನೂ ಇರ್ತಿರ್ಲಿಲ್ಲ ಅನ್ನು!" ಎಂದ ಬೆಟ್ಟಯ್ಯ. ಎಲ್ಲರೂ ನಕ್ಕೆವು.

ಕಂಪನಿಯವರು ಬಂದು ನೋಡಿ ಒಪ್ಪಿದರು. ಒಂಬತ್ತನೆಯ ದಿನ ಬೇರೆ ಬ್ಯಾಟರಿ ಕೂತಿತು. ಅಲ್ಲಿಯವರೆಗೂ ಬೆಟ್ಟಯ್ಯ ಒಂದು ದಿನವೂ ತಪ್ಪಿಸದೆ ಭಾವನನ್ನು ಬಸ್ಸು ಹತ್ತಿಸಿದ. ಈಗ ಅವನ ಅಂಗಡಿಯ ಗೋಡೆಯ ಮೇಲೆ ಅವನದೇ ದುಂಡು ಅಕ್ಷರದಲ್ಲಿ ಬರೆದಿದೆ: "ಕೇಸರಿ ವೈರಿನ ಗಾಡಿ ಇಲ್ಲಿ ಮುಟ್ಟುವುದಿಲ್ಲ."

ಕಾರು ಮನೆಗೆ ಬಂದ ದಿನ ನಾನು ತೆಳುವಾದೊಂದು ಮೆತ್ತೆ ಹೊಲಿದು ತೊಡೆಯ ಮೇಲಿಡಲು ಕೊಟ್ಟೆ. ಕಿಂಡಿಯ ಬಳಿ ಏನೂ ಇಡಲಿಲ್ಲ. ಬಿಸಿಲಲ್ಲಿ ಕಾರು ಗುಬ್ಬಿ ದಾಟುವಾಗ ಗಂಗಹನುಮಯ್ಯನವರ ಎಡಗೈ ಮೆತ್ತೆಯಿಂದ ಜಾರಿ ಜಾಲರಿಯ ಮೇಲೆ ಬಿತ್ತು. ಕದರಮ್ಮ ಎತ್ತಿಡಲು ಹೋದರು.

"ಇರು, ಇರು ಕಣೇ" ಎಂದರು ಅವರು. ಕಣ್ಣು ಮುಚ್ಚಿದರು. "ಗಾಳಿ ಒಳಕ್ಕೆ ಎಳೀತಾ ಐತೆ. ಬೆರಳ ಸಂದಿಲಿ ತಣ್ಣಗೆ... ಕೈಗೆ ಗೊತ್ತಾಯ್ತದೆ ಕಣೇ!"

ಚನ್ನೇಶ ಕಾರು ನಿಲ್ಲಿಸಿಬಿಟ್ಟ. ಕದರಮ್ಮ ಆ ಕೈಯನ್ನು ಅಲ್ಲಿಂದ ಎತ್ತಲೇ ಇಲ್ಲ.

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ಹಳೆಯ ಹೈಬ್ರಿಡ್ ಕಾರು ಕೊಳ್ಳುವ ಮುನ್ನ ಅದರ ದೊಡ್ಡ ಬ್ಯಾಟರಿಯನ್ನು ತಿಳಿದವರಿಂದ ಪರೀಕ್ಷೆ ಮಾಡಿಸಿ. ವಾರಂಟಿ ಎಲ್ಲಿಯವರೆಗಿದೆ, ನಿಮಗೆ ಸಲ್ಲುತ್ತದೆಯೇ ಎಂದು ಬರಹದಲ್ಲಿ ಕೇಳಿ ಪಡೆಯಿರಿ, ಆರ್‌ಸಿ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಎಚ್ಚರಿಕೆಯ ದೀಪ ಹತ್ತಿದರೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ತರಬೇತಿ ಪಡೆದವರನ್ನೇ ಕರೆಯಿರಿ. ಕೇಸರಿ ವೈರು ಕಂಡರೆ ಕೈ ಮುಗಿದು ಹಿಂದೆ ಸರಿಯಿರಿ. ಇವತ್ತೇ ಒಮ್ಮೆ ನಿಮ್ಮ ಕಾರಿನ ಹಿಂದಿನ ಸೀಟಿನ ಹತ್ತಿರ ಬಗ್ಗಿ ನೋಡಿ. ಯಾರೋ ಪ್ರೀತಿಯಿಂದ ಇಟ್ಟ ದಿಂಬೋ ಚೀಲವೋ ಕಿಂಡಿ ಮುಚ್ಚಿದ್ದರೆ, ಅವರನ್ನು ಬೈಯಬೇಡಿ. ಸ್ವಲ್ಪ ಪಕ್ಕಕ್ಕೆ ಸರಿಸಿ, ಸಾಕು.