ಒಟೀಲಿಯಾಳ ಹೆಸರಿನ ನೊಣ

ನಾನು ಒಂದು ನೊಣ. ನೊಣ ಎಂದ ಕೂಡಲೇ ನಿಮ್ಮ ಕೈ ಮೇಲೇಳುತ್ತದೆ, ನನಗೆ ಗೊತ್ತು. ಆದರೆ ನಾನು ಊಟದ ತಟ್ಟೆಯ ಮೇಲೆ ಕೂರುವ ಜಾತಿಯವನಲ್ಲ. ನನ್ನ ಕಾಲುಗಳು ಮೈಗಿಂತ ಎಷ್ಟೋ ಉದ್ದ, ಕೂದಲೆಳೆಯಷ್ಟು ಸಪೂರ. ಕೊಕ್ಕರೆಯ ಹಾಗೆ ಕಾಲೂರಿ ನಿಲ್ಲುವುದರಿಂದ ನಮ್ಮನ್ನು ಕೊಕ್ಕರೆ ನೊಣ ಎನ್ನುತ್ತಾರೆ. ತಿಳಿಯದವರು ದೊಡ್ಡ ಸೊಳ್ಳೆಯೆಂದು ಹೆದರುತ್ತಾರೆ. ನಾವು ಯಾರನ್ನೂ ಕಚ್ಚುವುದಿಲ್ಲ. ಕಚ್ಚುವ ಬಾಯಿಯೇ ನಮಗಿಲ್ಲ.

ಯುರೋಪಿನ ನಡುಭಾಗದಲ್ಲಿ ಸ್ಲೊವಾಕಿಯಾ ಎಂಬ ದೇಶವಿದೆ. ಅದರ ಉತ್ತರದ ಬೆಟ್ಟವೊಂದರಲ್ಲಿ ಬಂಡೆಯ ಬಿರುಕಿನಿಂದ ಒರತೆ ಜಿನುಗುತ್ತಿತ್ತು. ಬಂಡೆಗೆ ಅಂಟಿದ ಹಸಿರು ಪಾಚಿಯಲ್ಲಿ ನನ್ನ ತಾಯಿ ಮೊಟ್ಟೆಯಿಟ್ಟಳು. ಚಳಿಗಾಲವನ್ನೆಲ್ಲ ನಾನು ಹುಳುವಾಗಿ ಆ ಪಾಚಿಯೊಳಗೆ ಕಳೆದೆ. ಮೇಲೆ ಹಿಮ ಗಟ್ಟಿಯಾಗಿ ಕೂತಿದ್ದರೂ ಕೆಳಗೆ ನೀರು ನಿಲ್ಲದೆ ಹರಿಯುತ್ತಿತ್ತು. ಬೇಸಿಗೆ ಬಂದಾಗ ಪೊರೆ ಕಳಚಿ ರೆಕ್ಕೆ ಬಿಚ್ಚಿದೆ. ನಮ್ಮ ಹಾರುವ ಬದುಕು ಕೆಲವೇ ದಿನಗಳದ್ದು. ಅಷ್ಟರಲ್ಲಿ ಒಂದು ಹೆಣ್ಣನ್ನು ಹುಡುಕಿಕೊಳ್ಳಬೇಕು. ನನಗೆ ಹೆಣ್ಣು ಸಿಗುವ ಮೊದಲೇ ನಾನು ಒಟೀಲಿಯಾಳ ಕಣ್ಣಿಗೆ ಬಿದ್ದೆ.

ಬೆಟ್ಟದ ಕೆಳಗಿನ ಊರಿನಲ್ಲಿ ಮಾತೂಶ್ ಎಂಬುವರು ಔಷಧಿ ಅಂಗಡಿ ಇಟ್ಟಿದ್ದರು. ಒಟೀಲಿಯಾ ಅವರ ಹಿರಿಯ ಮಗಳು, ಇಪ್ಪತ್ತು ತುಂಬಿರದ ಹುಡುಗಿ. ಹೆಂಡತಿ ತೀರಿಕೊಂಡ ಮೇಲೆ ಮಾತೂಶ್ ಅವರು ಭಾನುವಾರಗಳಂದು ಈ ಮಗಳನ್ನು ಜೊತೆಗೆ ಕರೆದುಕೊಂಡು ಬೆಟ್ಟ ಹತ್ತುತ್ತಿದ್ದರು. ಇಬ್ಬರಿಗೂ ಹುಳುಹುಪ್ಪಟೆಗಳ ಹುಚ್ಚು.

“ಅಪ್ಪಾ, ಅಲ್ಲಾಡ್ಬೇಡ,” ಎಂದಳು ಅವಳು. “ನಿನ್ನ ಮೊಣಕೈ ಪಕ್ಕ ನೋಡು. ರೆಕ್ಕೆ ಅಂಚಲ್ಲಿ ಎರಡು ಚುಕ್ಕೆ ಒಂದಕ್ಕೊಂದು ಕೂಡ್ಕೊಂಡಿದೆ. ಇಂಥದ್ದು ನಮ್ಮ ಹತ್ರ ಇಲ್ಲ.”

ಬಲೆ ಬಿತ್ತು. ಆಮೇಲೆ ಘಾಟು ವಾಸನೆಯ ಒಂದು ಬಾಟಲಿ. ನನ್ನ ಹಾರಾಟ ಅಲ್ಲಿಗೆ ಮುಗಿಯಿತು. ಆದರೆ ನನ್ನ ಕತೆ ಶುರುವಾದದ್ದೂ ಅಲ್ಲಿಂದಲೇ.

ಮನೆಯಲ್ಲಿ ನನ್ನನ್ನು ಸೂಜಿಗೆ ಚುಚ್ಚುವಾಗ ಎಡಗಡೆಯ ಒಂದು ಕಾಲು ಕಳಚಿ ಬಿತ್ತು. ಅದನ್ನು ಅಂಟಿಸಲು ಒಟೀಲಿಯಾ ಕೂತಳು.

“ಹುಷಾರು ಮಗಳೇ, ಜೋರಾಗಿ ಉಸಿರು ಬಿಟ್ರೂ ಇನ್ನೊಂದು ಉದುರತ್ತೆ.”

ಅವಳು ಉಸಿರು ಬಿಗಿಹಿಡಿದಳು. ಗೋಂದಿನ ಹನಿಯನ್ನು ಸೂಜಿಯ ತುದಿಯಲ್ಲಿ ಎತ್ತಿ ಕಾಲನ್ನು ಅದರ ಜಾಗಕ್ಕೆ ಸೇರಿಸಿದಳು. ಕೆಲಸ ಮುಗಿದದ್ದೇ ತಡ, ಮುಖ ತಿರುಗಿಸಿ ಕೆಮ್ಮತೊಡಗಿದಳು. ಕೆಮ್ಮು ನಿಲ್ಲಲೇ ಇಲ್ಲ. ಬಾಯಿಗೆ ಹಿಡಿದಿದ್ದ ಕರವಸ್ತ್ರವನ್ನು ಮಡಿಲಲ್ಲಿ ಮುಚ್ಚಿಡಲು ನೋಡಿದಳು. ಮಾತೂಶ್ ಅದನ್ನು ಕಿತ್ತುಕೊಂಡು ಬಿಡಿಸಿದರು. ಅದರಲ್ಲಿ ರಕ್ತವಿತ್ತು. ಊರಿಗೆಲ್ಲ ಔಷಧಿ ಕೊಡುವ ಮನುಷ್ಯ, ಆ ಬಟ್ಟೆಯನ್ನು ಹಿಡಿದು ನಿಂತೇ ಇದ್ದರು. ಆ ಕಾಲದಲ್ಲಿ ಕ್ಷಯಕ್ಕೆ ಅವರ ಅಂಗಡಿಯಲ್ಲೂ ಮದ್ದಿರಲಿಲ್ಲ, ಬೇರೆಲ್ಲೂ ಇರಲಿಲ್ಲ.

ಆ ಚಳಿಗಾಲ ಅವಳು ಹಾಸಿಗೆ ಬಿಟ್ಟು ಏಳಲಿಲ್ಲ. ಅವಳೊಬ್ಬಳೇ ಆಗಬಾರದೆಂದು ಮಾತೂಶ್ ತಮ್ಮ ಮೇಜನ್ನು ಅವಳ ಕೋಣೆಗೇ ತಂದು ಹಾಕಿದರು. ಭೂತಗನ್ನಡಿಯಲ್ಲಿ ನನ್ನನ್ನು ನೋಡಿ, ರೆಕ್ಕೆಯ ನರಗಳನ್ನು ಬರೆದು, ಮೈಬಣ್ಣ ವಿವರಿಸಿ, ನಾನು ಯಾರೂ ಈವರೆಗೆ ಗುರುತಿಸದ ಜಾತಿ ಎಂದು ಲೇಖನ ಸಿದ್ಧ ಮಾಡಿದರು.

“ಇದಕ್ಕೆ ನಿನ್ನ ಹೆಸರಿಡ್ತೀನಿ,” ಎಂದರು.

“ನೊಣಕ್ಕೆ ನನ್ನ ಹೆಸರಾ? ಚಿಟ್ಟೆ ಯಾವ್ದೂ ಸಿಗ್ಲಿಲ್ವಾ?”

“ಚಿಟ್ಟೆಗಳಿಗೆಲ್ಲ ಯಾರ್ಯಾರೋ ಆಗ್ಲೇ ಹೆಸರಿಟ್ಬಿಟ್ಟಿದಾರೆ.”

ಅವಳು ನಕ್ಕಳು. “ಹೋಗ್ಲಿ ಬಿಡು. ಇದೂ ಚೆನ್ನಾಗೇ ಇದೆ.”

ಆರು ವರ್ಷದ ತಂಗಿ ಜೋಫಿಯಾ ಬಾಗಿಲ ಹೊರಗೆ ನಿಂತು ಆ ನಗು ಕೇಳುತ್ತಿದ್ದಳು. ರೋಗ ಅಂಟೀತೆಂದು ಅವಳನ್ನು ಒಳಗೆ ಬಿಡುತ್ತಿರಲಿಲ್ಲ. ಹಿಮ ಕರಗುವ ಮೊದಲೇ ಒಟೀಲಿಯಾ ತೀರಿಕೊಂಡಳು. ಲೇಖನ ಅಚ್ಚಾಗಿ ಬಂದಾಗ ಮಾತೂಶ್ ಅದನ್ನು ಸಮಾಧಿಯ ಬಳಿಗೆ ಒಯ್ದರು. ಒಯ್ದು ಏನು ಮಾಡಬೇಕೆಂದು ತಿಳಿಯದೆ, ಮತ್ತೆ ಮನೆಗೆ ತಂದರು.

ಕೆಲವು ವರ್ಷಗಳ ನಂತರ, ಎರಡನೆಯ ಮಹಾಯುದ್ಧ ಮುಗಿದ ಮೇಲೆ, ಪ್ರೊಫೆಸರ್ ಕಾರ್ನೆಲ್ ನಮ್ಮ ಮನೆಗೆ ಬಂದರು. ನೊಣಗಳ ವಿಷಯದಲ್ಲಿ ಆ ದೇಶದಲ್ಲಿ ಅವರ ಮಾತೇ ಕೊನೆಯ ಮಾತು. ಒಳ್ಳೆಯ ಮನುಷ್ಯ. ಕೆಟ್ಟ ಸುದ್ದಿಯನ್ನು ಎದುರಿಗೇ ಹೇಳಬೇಕೆಂದು ರೈಲು ಹತ್ತಿ ಬಂದಿದ್ದರು.

“ಮಾತೂಶ್, ತಪ್ಪು ತಿಳೀಬೇಡಿ. ಚುಕ್ಕೆಗಳು ಕೂಡಿಕೊಂಡಿರೋ ನೊಣ ಬಯಲು ಸೀಮೆಯ ಜಾತೀಲೂ ಒಂದೊಂದು ಹುಟ್ಟುತ್ತೆ. ರೆಕ್ಕೆ ನಂಬ್ಕೊಂಡು ಬೇರೆ ಜಾತಿ ಅನ್ನೋಕಾಗಲ್ಲ. ಗಂಡಿನ ಬಾಲದ ತುದಿ ನೋಡ್ಬೇಕು. ಅದು ಬೇರೆ ಇದ್ರೆ ನೀವು ಗೆದ್ರಿ.”

“ಹೇಗೆ ನೋಡೋದು?”

“ತುದಿ ಕತ್ತರಿಸಿ, ಕ್ಷಾರದಲ್ಲಿ ಬೇಯಿಸಿ, ಸೂಕ್ಷ್ಮದರ್ಶಕದಡಿ ಇಡ್ಬೇಕು. ನಿಮ್ಮ ಹತ್ರ ಇನ್ನೊಂದು ಗಂಡು ಇದ್ಯಾ?”

ಇರಲಿಲ್ಲ. ಮಗಳು ಹೋದ ಮೇಲೆ ಮಾತೂಶ್ ಆ ಒರತೆಯ ಕಡೆ ಹೋಗಿಯೇ ಇರಲಿಲ್ಲ. ಅವಳೊಡನೆ ನಡೆದ ದಾರಿಯಲ್ಲಿ ಒಬ್ಬರೇ ನಡೆಯಲು ಅವರಿಂದ ಆಗುತ್ತಿರಲಿಲ್ಲ. ಇದ್ದವನು ನಾನೊಬ್ಬ. ಅವರು ಪೆಟ್ಟಿಗೆ ತೆರೆದು ನನ್ನನ್ನು ಬಹಳ ಹೊತ್ತು ನೋಡಿದರು. ಆ ಗೋಂದಿನ ಹನಿ, ಅದರ ಮೇಲೆ ಅವಳ ಕೈ ಜಾರಿ ಆದ ಸಣ್ಣ ಗೀರು, ಎಲ್ಲ ಹಾಗೇ ಇತ್ತು.

“ಆಗಲ್ಲ,” ಎಂದರು. “ಇದಕ್ಕೆ ಕತ್ತರಿ ಹಾಕೋಕೆ ನಾನು ಬಿಡಲ್ಲ.”

“ಹೆಸರು ಹೋಗ್ಬಿಡತ್ತೆ, ಮಾತೂಶ್.”

“ಹೋಗ್ಲಿ.”

ಹೀಗೆ ಮಗಳ ಹೆಸರನ್ನು ಉಳಿಸುವುದೋ, ಮಗಳ ಕೈ ಮುಟ್ಟಿದ್ದನ್ನು ಉಳಿಸುವುದೋ ಎಂದಾಗ ಅವರು ಎರಡನೆಯದನ್ನು ಹಿಡಿದುಕೊಂಡರು. ಪ್ರೊಫೆಸರ್ ತಮ್ಮ ಗ್ರಂಥದಲ್ಲಿ ನನ್ನನ್ನು ಬಯಲಿನ ಜಾತಿಗೆ ಸೇರಿಸಿದರು. ಒಟೀಲಿಯಾಳ ಹೆಸರು ರದ್ದಾಯಿತು. ಆಮೇಲೆ ಮಾತೂಶ್ ಹುಳು ಹಿಡಿಯುವುದನ್ನು ಬಿಟ್ಟರು. ಅಂಗಡಿಯಲ್ಲಿ ಕೂತು ಮಾತ್ರೆ ಕಟ್ಟಿಕೊಡುತ್ತ ಮುದುಕರಾದರು. ಸಾಯುವ ಮುಂಚೆ ನನ್ನನ್ನು ರಾಜಧಾನಿಯ ಸಂಗ್ರಹಾಲಯಕ್ಕೆ ಕೊಟ್ಟು, “ನಮ್ಮ ಮನೆಯವರನ್ನ ಕೇಳದೆ ಇದನ್ನ ಕತ್ತರಿಸಬಾರದು,” ಎಂದು ಮಾತು ತೆಗೆದುಕೊಂಡರು.

ಸಂಗ್ರಹಾಲಯದ ಬದುಕನ್ನು ಹೇಗೆ ಹೇಳಲಿ? ಕತ್ತಲೆ ಡ್ರಾಯರು, ನುಸಿಗುಳಿಗೆಯ ವಾಸನೆ. ನನ್ನ ಸುತ್ತ ಬಯಲಿನ ನೊಣಗಳು ಸಾಲುಸಾಲಾಗಿ ನಿಂತಿದ್ದವು, ಎಲ್ಲರಿಗೂ ಒಂದೇ ಹೆಸರು. ಅವರು ನನ್ನವರಲ್ಲ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದು ಏನು ಮಾಡಲಿ? ಕೆಲವರನ್ನು ಹುಳ ತಿಂದು ಬರೀ ಸೂಜಿ ಉಳಿಯಿತು. ಹಾರಾಡಿದ ದಿನಗಳು ನೆನಪಿನಲ್ಲಿ ತೆಳುವಾಗುತ್ತ ಬಂದವು. ದಶಕಗಳು ಉರುಳಿದವು.

ಒಂದು ಬೆಳಿಗ್ಗೆ ಡ್ರಾಯರು ತೆರೆಯಿತು. ರಾಡ್ಕಾ ಎಂಬ ಸಂಶೋಧಕಿ ನಮ್ಮ ಕುಲದವರನ್ನೆಲ್ಲ ಮತ್ತೆ ಪರೀಕ್ಷಿಸಿ ವಿಂಗಡಿಸುವ ಕೆಲಸಕ್ಕೆ ಕೈ ಹಾಕಿದ್ದಳು. ನನ್ನ ಮೇಲೆ ಬಂದ ಅವಳ ಕಣ್ಣು ಮುಂದಕ್ಕೆ ಹೋಗಲಿಲ್ಲ. “ನೀನು ಇಲ್ಲಿಯವನಲ್ಲ ಕಣೋ,” ಎಂದಳು. ಅಲ್ಲಿನ ಮೇಲ್ವಿಚಾರಕರು ಮಾತೂಶ್‌ಗೆ ಕೊಟ್ಟ ಮಾತನ್ನು ಅವಳಿಗೆ ತಿಳಿಸಿದರು. ರಾಡ್ಕಾ ವಿಚಾರಿಸಿ ವಿಚಾರಿಸಿ ಜೋಫಿಯಾಳನ್ನು ಪತ್ತೆ ಹಚ್ಚಿದಳು.

ಜೋಫಿಯಾ ಬಸ್ಸಿನಲ್ಲಿ ಬಂದರು. ಆರು ವರ್ಷದ ಆ ಹುಡುಗಿಗೆ ಈಗ ಎಂಬತ್ತು ದಾಟಿತ್ತು, ಕೈಯಲ್ಲಿ ಕೋಲು. ನನ್ನ ಎದುರು ಕೂತರು. ಕಣ್ಣಿನಲ್ಲಿ ಪ್ರೀತಿಯೇನೂ ಇರಲಿಲ್ಲ.

“ಇದೇನಾ? ಇಷ್ಟು ಚಿಕ್ಕದಾ?” ಎಂದರು. “ನಮ್ಮನೇಲಿ ಇದು ಎಷ್ಟು ಜಾಗ ಹಿಡಿದಿತ್ತು ಗೊತ್ತೇನಮ್ಮಾ? ಸಂಜೆ ಆದ್ರೆ ಅಪ್ಪ ಇದರ ಮುಂದೆ ಕೂತ್ಕೋಳೋರು. ಸ್ಕೂಲಲ್ಲಿ ಏನಾಯ್ತು ಅಂತ ನಾನು ಹೇಳೋಕೆ ಹೋದ್ರೆ ‘ಆಮೇಲೆ, ಆಮೇಲೆ’ ಅನ್ನೋರು. ಆ ‘ಆಮೇಲೆ’ ಬರ್ಲೇ ಇಲ್ಲ.”

ರಾಡ್ಕಾ ಕತ್ತರಿಯನ್ನು ಪಕ್ಕಕ್ಕಿಟ್ಟಳು. ಮೆಲ್ಲಗೆ ಕೇಳಿದಳು: “ನಿಮಗೆ ಇಷ್ಟ ಇಲ್ದಿದ್ರೆ ಕತ್ತರಿಸೋದು ಬೇಡ ಅಜ್ಜಿ. ಹಾಗೇ ಇಟ್ಬಿಡ್ತೀನಿ.”

“ಕತ್ತರಿಸು. ನಾನು ಇಲ್ಲೇ ಕೂತಿರ್ತೀನಿ.”

ಸಣ್ಣ ಕತ್ತರಿ ನನ್ನ ಬಾಲದ ತುದಿಯನ್ನು ಬೇರೆ ಮಾಡಿತು. ಕ್ಷಾರದ ನೀರಿನಲ್ಲಿ ಅದು ಬೆಚ್ಚಗಾಗಿ ತಿಳಿಯಾಗುವವರೆಗೆ ಇಬ್ಬರೂ ಚಹಾ ಕುಡಿಯುತ್ತ ಕಾದರು. ರಾಡ್ಕಾ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಳು. ಬಯಲಿನ ಗಂಡಿನ ತುದಿಯನ್ನು ಪಕ್ಕದಲ್ಲಿಟ್ಟು ಮತ್ತೆ ನೋಡಿದಳು. ಆಮೇಲೆ ಎದ್ದು ಮುದುಕಿಗೆ ಕುರ್ಚಿ ಬಿಟ್ಟುಕೊಟ್ಟಳು.

“ಈ ಕಡೇದು ಬಯಲಿಂದು, ನೆಟ್ಟಗಿದೆ. ಆ ಕಡೇದು ನಮ್ಮದು, ಕುಡುಗೋಲಿನ ಥರ ಬಾಗಿದೆ. ಒಂದೇ ಜಾತಿ ಆಗೋಕೆ ಸಾಧ್ಯಾನೇ ಇಲ್ಲ. ನಿಮ್ಮ ಅಪ್ಪ ಹೇಳಿದ್ದೇ ಸರಿ.”

ಜೋಫಿಯಾ ಬಹಳ ಹೊತ್ತು ನೋಡಿದರು. ಕಣ್ಣು ತೆಗೆಯದೆಯೇ ಮಾತಾಡಿದರು.

“ಅಪ್ಪ ಒಂದೇ ಒಂದು ಸಲ ಇದನ್ನ ನೋಡಿದ್ದಿದ್ರೆ ಎದ್ದು ನನ್ನ ಕಡೆ ತಿರುಗ್ತಿದ್ರೇನೋ. ಇಷ್ಟು ಸಾಕಿತ್ತು ಅವರಿಗೆ. ಇಷ್ಟೇ ಸಾಕಿತ್ತು.”

ರಾಡ್ಕಾ ನನ್ನನ್ನು ಹೊಸದಾಗಿ ವರ್ಣಿಸಿ ಬರೆದಳು. ರೆಕ್ಕೆ, ಬಣ್ಣ, ಬಾಲದ ತುದಿಯ ಚಿತ್ರ ಎಲ್ಲವೂ ಸೇರಿತು. ರದ್ದಾಗಿದ್ದ ಹೆಸರು ಮತ್ತೆ ಜಾರಿಗೆ ಬಂತು. ನನಗೆ ಬೇರೆ ಪೆಟ್ಟಿಗೆ ಸಿಕ್ಕಿತು. ನಾನು ಹಿಗ್ಗಬೇಕಿತ್ತು. ಅಷ್ಟರಲ್ಲಿ ರಾಡ್ಕಾ ಬಲೆ ಹಿಡಿದು ನನ್ನವರನ್ನು ಹುಡುಕಿಕೊಂಡು ಬೆಟ್ಟಕ್ಕೆ ಹೋದಳು. ಬಂಡೆ ಇತ್ತು. ಒರತೆಯ ನೀರನ್ನು ಮೇಲ್ಗಡೆಯಿಂದಲೇ ಕೊಳವೆಗೆ ತಿರುಗಿಸಿ, ಹಿಮದ ಮೇಲೆ ಜಾರಿ ಆಡುವವರ ಇಳಿಜಾರಿಗೆ ಕೃತಕ ಹಿಮ ಮಾಡಲು ಒಯ್ದಿದ್ದರು. ಪಾಚಿ ಒಣಗಿ ಕೈಗೆ ಪುಡಿಪುಡಿಯಾಗಿ ಬಂತಂತೆ. ಮುಂದಿನ ಬೇಸಿಗೆಯಲ್ಲೂ ಹೋದಳು, ಅಕ್ಕಪಕ್ಕದ ಕಣಿವೆಗಳಿಗೂ ಹೋದಳು. ಬರಿಗೈಯಲ್ಲಿ ಬಂದಳು.

ಜೋಫಿಯಾ ಮತ್ತೊಮ್ಮೆ ಬಂದಾಗ ಈ ಸುದ್ದಿಯನ್ನು ಅವಳು ಮುಚ್ಚಿಡಲಿಲ್ಲ.

“ಒಂದೂ ಇಲ್ವಾ?” ಎಂದರು ಅಜ್ಜಿ.

“ನನಗೆ ಸಿಕ್ಕಿಲ್ಲ. ಇಲ್ಲವೇ ಇಲ್ಲ ಅಂತ ಹೇಳೋಕೆ ಬಾಯಿ ಬರ್ತಿಲ್ಲ.”

ಅಜ್ಜಿ ಪೆಟ್ಟಿಗೆಯ ಗಾಜಿನ ಮೇಲೆ ಅಂಗೈ ಇಟ್ಟರು. ಆ ಕೈ ಇಷ್ಟು ಹತ್ತಿರ ಬಂದದ್ದು ಅದೇ ಮೊದಲು. “ಪಾಪ,” ಎಂದರು. ಒಂದೇ ಮಾತು. ನನಗೆ ಹೇಳಿದರೋ, ಅಕ್ಕನಿಗೋ, ಅಪ್ಪನಿಗೋ, ನಾನು ಅರಿಯೆ. ಆಮೇಲೆ ಅವರು ಬರಲಿಲ್ಲ. ಅವರು ತೀರಿಕೊಂಡ ಸುದ್ದಿಯನ್ನು ರಾಡ್ಕಾ ಯಾರಿಗೋ ಹೇಳುವಾಗ ಕೇಳಿಸಿಕೊಂಡೆ.

ಈಗ ನನಗೆ ಹೆಸರಿದೆ, ಆ ಹೆಸರಿನಿಂದ ಕರೆಸಿಕೊಳ್ಳಲು ಇನ್ನೊಬ್ಬನಿಲ್ಲ. ಆದರೂ ನನ್ನನ್ನು ಜೋಪಾನ ಮಾಡುತ್ತಾರೆ. ಮುಂದೆಂದಾದರೂ, ಎಲ್ಲಾದರೂ, ಯಾವುದೋ ಒದ್ದೆ ಬಂಡೆಯ ಮೇಲೆ ಉದ್ದ ಕಾಲಿನ ಒಂದು ನೊಣ ಯಾರದಾದರೂ ಕಣ್ಣಿಗೆ ಬಿದ್ದರೆ, ಅದು ನಮ್ಮ ಜಾತಿಯದು ಹೌದೋ ಅಲ್ಲವೋ ಎಂದು ಹೋಲಿಸಿ ನೋಡಲು ಅವರು ನನ್ನ ಬಳಿಗೇ ಬರಬೇಕು. ಆ ಒಂದು ಕೆಲಸ ಬಾಕಿಯಿದೆ. ಅದಕ್ಕಾಗಿ ನಾನು ಉದುರದೆ ನಿಂತಿದ್ದೇನೆ.